ಜನಕಲ್ಯಾಣ: ಸಂವಿಧಾನ ಸರ್ಕಾರಕ್ಕೆ ಹೊರಿಸಿದ ಹೊಣೆ ಮತ್ತು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ದಾವಣಗೆರೆ ಜಿಲ್ಲೆಯ ನಕ್ಷೆಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳು ಒಂದಕ್ಕೊಂದು ಆತುಕೊಂಡಿವೆ. ಜಗಳೂರು ಇನ್ನೊಂದು ತುದಿಯಲ್ಲಿದೆ. ಮೊದಲ ಮೂರರಲ್ಲಿ ಅಡಿಕೆ ತೋಟಗಳಿವೆ, ಭತ್ತದ ಗದ್ದೆಗಳಿವೆ, ನಾಲೆಯಿದೆ, ಹೊಳೆಯಿದೆ, ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳೂ ಇವೆ. ಜಗಳೂರು ಅಪ್ಪಟ ಬಯಲುಸೀಮೆ. ಅಲ್ಲಿ ಕೆರೆ ತುಂಬಿದ ವರ್ಷವನ್ನು ಜನ ನೆನಪಿಟ್ಟುಕೊಂಡು ಹೇಳುತ್ತಾರೆ. ಎರಡೂ ಕಡೆಯವರು ಒಂದೇ ವಿಧಾನಸಭೆಗೆ ಪ್ರತಿನಿಧಿಗಳನ್ನು ಕಳಿಸುತ್ತಾರೆ, ಒಂದೇ ಖಜಾನೆಗೆ ತೆರಿಗೆ ಕಟ್ಟುತ್ತಾರೆ. ಹಾಗಿರುವಾಗ ಎಲ್ಲರ ಹಿತ ಕಾಯುವುದೆಂದರೆ ಸರ್ಕಾರ ಏನು ಮಾಡಬೇಕು? ಅದನ್ನು ನಿರ್ಧರಿಸುವವರು ಯಾರು? ತಪ್ಪಿದರೆ ಕೇಳುವವರು ಯಾರು? ಸಾಂವಿಧಾನಿಕ ಸರ್ಕಾರದಲ್ಲಿ ಜನಕಲ್ಯಾಣದ ಅರ್ಥ ಈ ಪ್ರಶ್ನೆಗಳಲ್ಲೇ ಅಡಗಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಸರ್ಕಾರ ಏನಾದರೂ ಕೊಟ್ಟ ಮಾತ್ರಕ್ಕೆ ಅದು ಸಂವಿಧಾನ ಬಯಸಿದ ಜನಕಲ್ಯಾಣ ಆಗುವುದಿಲ್ಲ. ಕೊಟ್ಟದ್ದಕ್ಕೆ ಕಾನೂನಿನ ಆಧಾರವಿರಬೇಕು, ಖರ್ಚಾದ ಹಣಕ್ಕೆ ಶಾಸಕಾಂಗದ ಒಪ್ಪಿಗೆ ಇರಬೇಕು. ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಅದಕ್ಕೆ ಒಪ್ಪಬಹುದಾದ ಕಾರಣವಿರಬೇಕು, ಸಿಗದವರಿಗೆ ಕೇಳುವ ಜಾಗವೂ ಇರಬೇಕು.

ಅರಸರ ಕಾಲದಲ್ಲಿ

ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಮೊದಲೆರಡು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಪ್ರಜೆಗಳ ಹಿತದ ವಿಚಾರದಲ್ಲಿ ಮೈಸೂರು ಬೇರೆ ಸಂಸ್ಥಾನಗಳಿಗಿಂತ ಮುಂದಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಮಾರಿಕಣಿವೆಯ ವಾಣಿವಿಲಾಸ ಸಾಗರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಶಾಲೆಗಳು, 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಇವೆಲ್ಲ ನಿಜವಾದ ಸಾಧನೆಗಳು. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದದ್ದು ಮಿಲ್ಲರ್ ಸಮಿತಿ. ಮುಂದೆ ಕರ್ನಾಟಕದಲ್ಲಿ ಬೆಳೆದ ಹಿಂದುಳಿದ ವರ್ಗಗಳ ನೀತಿಯ ಬೇರು ಅಲ್ಲಿದೆ.

ಆದರೂ ಆ ಸಭೆಗೆ ಹೋದ ಪ್ರತಿನಿಧಿ ಕೈಯಲ್ಲಿ ಹಿಡಿದುಕೊಂಡು ಹೋದದ್ದು ಅಹವಾಲು. ಕೆರೆ ದುರಸ್ತಿ ಮಾಡಿಸಿಕೊಡಿ, ರಸ್ತೆ ಹಾಕಿಸಿಕೊಡಿ ಎಂದು ಬಿನ್ನವಿಸಬಹುದಿತ್ತು. ದಿವಾನರು ಒಪ್ಪಿದರೆ ಕೆಲಸ ಆಗುತ್ತಿತ್ತು. ಒಪ್ಪದಿದ್ದರೆ ಅವರನ್ನು ಇಳಿಸುವ ಅಧಿಕಾರ ಪ್ರತಿನಿಧಿಗೂ ಇರಲಿಲ್ಲ, ಅವನನ್ನು ಕಳಿಸಿದ ಊರಿಗೂ ಇರಲಿಲ್ಲ. ಒಳ್ಳೆಯ ಅರಸು ಇದ್ದಷ್ಟು ದಿನ ಹಿತ. 1950ರ ಜನವರಿ 26ರಂದು ಬದಲಾದದ್ದು ಈ ನೆಲೆ. ಅಂದಿನಿಂದ ಪ್ರಜೆಗಳ ಕಲ್ಯಾಣ ಆಳುವವರ ಔದಾರ್ಯವಾಗಿ ಉಳಿಯಲಿಲ್ಲ, ಆಳ್ವಿಕೆಯ ಷರತ್ತಾಯಿತು.

ಸಂವಿಧಾನದೊಳಗೆ ಎಲ್ಲಿದೆ

ಪ್ರಸ್ತಾವನೆ ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯದ ಮಾತಾಡುತ್ತದೆ. ಅದರ ವಿವರ ನಾಲ್ಕನೇ ಭಾಗದಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಸಿಗುತ್ತದೆ. 38ನೇ ವಿಧಿ ಜನರ ಕಲ್ಯಾಣವನ್ನು ಬೆಳೆಸುವುದು ರಾಜ್ಯದ ಕೆಲಸ ಎಂದು ನೇರವಾಗಿ ಹೇಳುತ್ತದೆ. 39ನೇ ವಿಧಿ ಸಮುದಾಯದ ಭೌತಿಕ ಸಂಪನ್ಮೂಲಗಳು ಎಲ್ಲರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕು, ಸಂಪತ್ತು ಕೆಲವರಲ್ಲೇ ಕೂಡಿಕೊಳ್ಳಬಾರದು ಎನ್ನುತ್ತದೆ. 41ನೇ ವಿಧಿ ಮುಪ್ಪು, ಕಾಯಿಲೆ, ನಿರುದ್ಯೋಗದ ಕಾಲದ ನೆರವನ್ನು, 46ನೇ ವಿಧಿ ಪರಿಶಿಷ್ಟ ಜಾತಿ, ಪಂಗಡ ಮತ್ತು ದುರ್ಬಲ ವರ್ಗಗಳ ಶಿಕ್ಷಣ ಹಾಗೂ ಆರ್ಥಿಕ ಹಿತವನ್ನು, 47ನೇ ವಿಧಿ ಪೌಷ್ಟಿಕತೆ ಮತ್ತು ಸಾರ್ವಜನಿಕ ಆರೋಗ್ಯವನ್ನು ಸರ್ಕಾರದ ಮೇಲೆ ಹೊರಿಸುತ್ತವೆ. ಊರಿನ ಅಂಗನವಾಡಿ, ಶಾಲೆಯ ಬಿಸಿಯೂಟ, ಸಂಧ್ಯಾ ಸುರಕ್ಷಾ ಪಿಂಚಣಿ ಇವೆಲ್ಲಕ್ಕೂ ಇಲ್ಲಿ ನೆಲೆಯಿದೆ.

ಇವನ್ನು ಜಾರಿ ಮಾಡಿಸಲು ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು 37ನೇ ವಿಧಿ ಹೇಳುತ್ತದೆ. ಆದರೆ ದೇಶದ ಆಡಳಿತಕ್ಕೆ ಇವೇ ಮೂಲಭೂತ ಎಂದೂ ಅದೇ ವಿಧಿ ಹೇಳುತ್ತದೆ. ಹಕ್ಕುಗಳನ್ನು ಹೀಗೆ ಕೋರ್ಟಿನ ಬಲವಿರುವ, ಇಲ್ಲದ ಎರಡು ಬಗೆಯಾಗಿ ವಿಂಗಡಿಸುವ ಸಲಹೆ ಕೊಟ್ಟವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, ಮಂಗಳೂರಿನಲ್ಲಿ ಹುಟ್ಟಿದವರು. 1937ರ ಐರ್ಲೆಂಡ್ ಸಂವಿಧಾನದಲ್ಲಿ ಇಂಥ ಮಾದರಿ ಇತ್ತು. ಕೋರ್ಟಿನ ಬಲವಿಲ್ಲದ ತತ್ವಗಳಿಂದ ಏನು ಪ್ರಯೋಜನ ಎಂಬ ಟೀಕೆ ಸಂವಿಧಾನ ಸಭೆಯಲ್ಲೇ ಕೇಳಿಬಂತು. 1948ರ ನವೆಂಬರ್‌ನಲ್ಲಿ ಅಂಬೇಡ್ಕರ್ ಅದಕ್ಕೆ ಉತ್ತರ ಕೊಟ್ಟರು. ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಈ ನಿರ್ದೇಶನಗಳನ್ನು ಕಡೆಗಣಿಸುವಂತಿಲ್ಲ, ಕೋರ್ಟಿಗೆ ಉತ್ತರ ಹೇಳದಿದ್ದರೂ ಚುನಾವಣೆಯಲ್ಲಿ ಮತದಾರನಿಗೆ ಉತ್ತರ ಹೇಳಲೇಬೇಕು ಎಂಬುದು ಅವರ ವಾದದ ತಿರುಳು.

38ನೇ ವಿಧಿಗೆ 1978ರಲ್ಲಿ, 44ನೇ ತಿದ್ದುಪಡಿಯ ಮೂಲಕ, ಎರಡನೆಯ ಖಂಡ ಸೇರಿತು. ವ್ಯಕ್ತಿ ವ್ಯಕ್ತಿಗಳ ನಡುವಿನ ಅಸಮಾನತೆಯ ಜೊತೆಗೆ ಬೇರೆ ಬೇರೆ ಪ್ರದೇಶಗಳಲ್ಲಿ ವಾಸಿಸುವ, ಬೇರೆ ಬೇರೆ ಕಸುಬು ಮಾಡುವ ಜನಸಮೂಹಗಳ ನಡುವಿನ ಅಸಮಾನತೆಯನ್ನೂ ಸರ್ಕಾರ ತಗ್ಗಿಸಬೇಕು ಎಂಬ ಮಾತು ಅದರಲ್ಲಿದೆ. ಜಗಳೂರಿನಂಥ ತಾಲ್ಲೂಕಿಗೆ ಇಡೀ ಸಂವಿಧಾನದಲ್ಲಿ ಇದಕ್ಕಿಂತ ಹತ್ತಿರದ ಸಾಲು ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೇನೆ.

ಅಮೆರಿಕದಲ್ಲಿ ನಡೆದ ವಾದ

ಕಲ್ಯಾಣದ ಹೆಸರಿನಲ್ಲಿ ಸರ್ಕಾರ ಎಷ್ಟು ದೂರ ಹೋಗಬಹುದು ಎಂಬ ಪ್ರಶ್ನೆ ನಮಗಿಂತ ಮೊದಲೇ ಅಮೆರಿಕದಲ್ಲಿ ಎದ್ದಿತ್ತು. 1787ರ ಅಮೆರಿಕ ಸಂವಿಧಾನ ಸಾಮಾನ್ಯ ಕಲ್ಯಾಣವನ್ನು ಎರಡು ಕಡೆ ಹೆಸರಿಸುತ್ತದೆ, ಪ್ರಸ್ತಾವನೆಯಲ್ಲಿ ಒಮ್ಮೆ, ತೆರಿಗೆ ವಿಧಿಸುವ ಅಧಿಕಾರದ ಜೊತೆ ಇನ್ನೊಮ್ಮೆ. ಅದು ಸರ್ಕಾರಕ್ಕೆ ಹೊಸ ಅಧಿಕಾರವನ್ನೇನೂ ಕೊಡುವುದಿಲ್ಲ, ಪಟ್ಟಿ ಮಾಡಿದ ಕೆಲಸಗಳಿಗಷ್ಟೇ ಅನ್ವಯ ಎಂದರು ಅದನ್ನು ರೂಪಿಸಿದವರಲ್ಲೊಬ್ಬರಾದ ಮ್ಯಾಡಿಸನ್. ಇಡೀ ದೇಶದ ಹಿತಕ್ಕೆ ಹಣ ಖರ್ಚು ಮಾಡುವ ವಿಶಾಲ ಅಧಿಕಾರ ಅದರಲ್ಲಿದೆ ಎಂದರು ಅವರ ಜೊತೆಗಾರ ಹ್ಯಾಮಿಲ್ಟನ್. ವಾದ ಒಂದೂವರೆ ಶತಮಾನ ಎಳೆಯಿತು. 1936ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹ್ಯಾಮಿಲ್ಟನ್ ಅವರ ಅರ್ಥವನ್ನು ತತ್ವವಾಗಿ ಒಪ್ಪಿತು. ಮಹಾ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ವೃದ್ಧರು ನೆಲೆ ಕಳೆದುಕೊಂಡಿದ್ದಾಗ, 1937ರಲ್ಲಿ, ವೃದ್ಧಾಪ್ಯ ವೇತನದ ಕಾನೂನನ್ನು ಅದೇ ಆಧಾರದ ಮೇಲೆ ಎತ್ತಿಹಿಡಿಯಿತು. ನಮ್ಮ ಸಂವಿಧಾನ ಬರೆದವರು ಇದಕ್ಕೆಲ್ಲ ಎಡೆ ಕೊಡದೆ, ಕಲ್ಯಾಣದ ಬಾಬತ್ತುಗಳನ್ನು ಒಂದೊಂದಾಗಿ ವಿಧಿಗಳಲ್ಲೇ ಬರೆದಿಟ್ಟರು. ಅದರ ಮೇಲೆ 282ನೇ ವಿಧಿ, ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಅನುದಾನ ಕೊಡುವ ಅವಕಾಶವನ್ನು ಕೇಂದ್ರಕ್ಕೂ ರಾಜ್ಯಗಳಿಗೂ ಕೊಟ್ಟಿದೆ.

ಹಕ್ಕು ಮತ್ತು ಕಲ್ಯಾಣ ಎದುರಾದಾಗ

ಎಲ್ಲರ ಹಿತಕ್ಕಾಗಿ ಒಬ್ಬರ ಹಕ್ಕನ್ನು ಎಷ್ಟರ ಮಟ್ಟಿಗೆ ಮೊಟಕುಗೊಳಿಸಬಹುದು? ಭಾರತದ ಸಂವಿಧಾನದ ಇತಿಹಾಸದಲ್ಲಿ ಅತಿ ದೊಡ್ಡ ಮೊಕದ್ದಮೆಗಳು ಹುಟ್ಟಿದ್ದು ಈ ಪ್ರಶ್ನೆಯಿಂದ. 1951ರ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂಲಭೂತ ಹಕ್ಕುಗಳೇ ಮೇಲು, ನಿರ್ದೇಶಕ ತತ್ವಗಳು ಅವುಗಳ ಅಡಿಯಲ್ಲಿರಬೇಕು ಎಂದಿತು. ಸಂಸತ್ತು ಅದೇ ವರ್ಷ ಮೊದಲ ತಿದ್ದುಪಡಿ ತಂದು 15ನೇ ವಿಧಿಗೆ ನಾಲ್ಕನೇ ಖಂಡ ಸೇರಿಸಿ, ಹಿಂದುಳಿದವರಿಗೆ ವಿಶೇಷ ಅವಕಾಶದ ದಾರಿ ತೆರೆಯಿತು.

ಆಮೇಲಿನ ದೊಡ್ಡ ಪ್ರಕರಣ ಕನ್ನಡದ ನೆಲದಿಂದಲೇ ಹೋಯಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿ ಹೋಗುವುದನ್ನು ಪ್ರಶ್ನಿಸಿದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬ ಸಿದ್ಧಾಂತ ಅಂದು ಸ್ಥಿರವಾಯಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ 1980ರಲ್ಲಿ ಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟಿತು. ಹಕ್ಕುಗಳ ಮೂರನೇ ಭಾಗ ಮತ್ತು ಕಲ್ಯಾಣದ ನಾಲ್ಕನೇ ಭಾಗ ಇವೆರಡರ ನಡುವಿನ ಸಮತೋಲನವೇ ಮೂಲ ಸ್ವರೂಪದ ಅಂಗ ಎಂದಿತು. ಜನಕಲ್ಯಾಣದ ಹೆಸರು ಹೇಳಿಕೊಂಡು ಹಕ್ಕನ್ನು ಅಳಿಸುವಂತಿಲ್ಲ, ಹಕ್ಕಿನ ಹೆಸರು ಹೇಳಿಕೊಂಡು ಬಡವರ ಪಾಲನ್ನು ತಡೆಯುವಂತಿಲ್ಲ. ನಾಲ್ಕು ತಾಲ್ಲೂಕುಗಳ ಯಾವ ತಕರಾರಿಗೂ ಈ ಎರಡು ಅಂಚುಗಳನ್ನು ಬಿಟ್ಟು ಉತ್ತರವಿಲ್ಲ.

ಮೊದಲ ಪರೀಕ್ಷೆ ಭೂಮಿಯದು

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ನಡೆಸಿದಾಗ ಹೊನ್ನಾಳಿ, ಚನ್ನಗಿರಿ ಅದೇ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ಆ ಹೋರಾಟದಿಂದ ಬೆಳೆದ ಸಮಾಜವಾದಿ ರಾಜಕಾರಣ ಶಾಂತವೇರಿ ಗೋಪಾಲಗೌಡರನ್ನು ಕೊಟ್ಟಿತು. ಅದೇ ಧಾರೆಯಿಂದ ಬಂದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. 1967ರಲ್ಲಿ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಪಟೇಲರು 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದರು.

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ಕೊನೆಯಾಯಿತು. ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದು, ಉಳುವವನು ಫಾರಂ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಸಾಧಿಸಿಕೊಂಡ. ಒಬ್ಬರ ಆಸ್ತಿ ಇನ್ನೊಬ್ಬರಿಗೆ ಹೋದ ಈ ಕಾನೂನನ್ನು ಜನಕಲ್ಯಾಣ ಎಂದು ಒಪ್ಪಿಕೊಳ್ಳಲು ಆಧಾರ 39ನೇ ವಿಧಿ. ಇದರಿಂದ ಕೈಬಿಟ್ಟುಹೋದವರೂ ಇದ್ದರು. ಗೇಣಿಗೂ ಜಮೀನು ಸಿಗದ, ಕೂಲಿಯನ್ನೇ ನಂಬಿದ ದಲಿತ ಕುಟುಂಬಗಳಿಗೆ ಅರ್ಜಿ ಹಾಕುವುದಕ್ಕೇ ಏನೂ ಇರಲಿಲ್ಲ. ಅಂಥವರಲ್ಲಿ ಹಲವರು ಗೋಮಾಳ, ಸರ್ಕಾರಿ ಪಾಳು ಹಸನು ಮಾಡಿಕೊಂಡು ಬಗರ್ ಹುಕುಂ ಸಾಗುವಳಿದಾರರಾದರು. ಫಾರಂ 50, ಫಾರಂ 53, ಫಾರಂ 57 ಎಂದು ಮೂರು ಸುತ್ತು ಅರ್ಜಿ ಕರೆದರೂ ಸಾಗುವಳಿ ಚೀಟಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವುದು ಎಷ್ಟೋ ಮನೆಗಳಲ್ಲಿ ಅಪ್ಪನಿಂದ ಮಗನಿಗೆ ಬಂದ ಕೆಲಸವಾಗಿದೆ. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು. ಒಂದು ಕೈ 1974ರಲ್ಲಿ ಕೊಟ್ಟದ್ದನ್ನು ಮಾರುಕಟ್ಟೆಯ ಕೈ ನಿಧಾನವಾಗಿ ಹಿಂದಕ್ಕೆ ಪಡೆಯಬಹುದು ಎಂಬ ರೈತ ಸಂಘಟನೆಗಳ ಆತಂಕ ನ್ಯಾಯವಾದದ್ದು.

ಇನ್ನೊಂದು ವಿಷಯ ತಾಂಡಾಗಳದು. ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇಂದಿನ ನ್ಯಾಮತಿ ತಾಲ್ಲೂಕಿನಲ್ಲಿದೆ. ಸುತ್ತಲಿನ ತಾಲ್ಲೂಕುಗಳ ತುಂಬ ತಾಂಡಾಗಳಿವೆ, ಬಯಲುಸೀಮೆಯ ಕಡೆ ಗೊಲ್ಲರಹಟ್ಟಿಗಳಿವೆ. ತಲೆಮಾರುಗಳಿಂದ ಜನ ವಾಸವಿದ್ದರೂ ಇಂಥ ಎಷ್ಟೋ ನೆಲೆಗಳು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಮನೆಯಡಿಯ ಜಾಗಕ್ಕೆ ಹಕ್ಕುಪತ್ರವಿಲ್ಲ, ಅದನ್ನು ತೋರಿಸಿ ಸಾಲ ಪಡೆಯುವಂತಿಲ್ಲ. ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿಸಿದ ಮೇಲೆ ತಾಂಡಾ, ಹಟ್ಟಿ, ಹಾಡಿಗಳ ವಾಸಿಗಳಿಗೆ ಮನೆಯ ಜಾಗದ ಒಡೆತನ ಕೊಟ್ಟು, ಅವನ್ನು ಕಂದಾಯ ಗ್ರಾಮ ಮಾಡುವ ಕೆಲಸ ಶುರುವಾಯಿತು. ಇದಕ್ಕೆ ಖಜಾನೆಯಿಂದ ದೊಡ್ಡ ಮೊತ್ತವೇನೂ ಬೇಕಿಲ್ಲ. ಇರುವ ಜನರನ್ನು ಇದ್ದಾರೆ ಎಂದು ಬರೆದುಕೊಂಡರೆ ಸಾಕು. ಉಳಿದ ಯಾವ ಯೋಜನೆಯೂ ಅವರನ್ನು ತಲುಪಬೇಕಾದರೆ ಮೊದಲು ಆಗಬೇಕಾದ ಕೆಲಸ ಇದು.

ತಾಲ್ಲೂಕಿನ ಲೆಕ್ಕದಲ್ಲಿ

1997ರ ಆಗಸ್ಟ್ 15ರಂದು ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ರಚಿಸಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದವು. ಹೊನ್ನಾಳಿಯಿಂದ ಒಡೆದು ನ್ಯಾಮತಿ 2018ರಲ್ಲಿ ತಾಲ್ಲೂಕಾಯಿತು. ಕಚೇರಿ ಹತ್ತಿರ ಬರುವುದೂ ಜನಕಲ್ಯಾಣವೇ. ಪಹಣಿಗೋ ಪಿಂಚಣಿಗೋ ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರಿಗೆ ಅದರ ಬೆಲೆ ಗೊತ್ತು.

ಆದರೆ ಯಾವ ತಾಲ್ಲೂಕು ಎಷ್ಟು ಹಿಂದಿದೆ ಎಂದು ತಿಳಿಯಲು ಅಳತೆ ಬೇಕಿತ್ತು. ಎಸ್.ಎಂ. ಕೃಷ್ಣ ಅವರ ಸರ್ಕಾರ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ, ರಸ್ತೆ ಮುಂತಾದವುಗಳ 35 ಸೂಚಕಗಳನ್ನು ಸೇರಿಸಿ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡಾಗ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಜಗಳೂರು, ಹೊನ್ನಾಳಿ ಅತಿ ಹಿಂದುಳಿದ ಗುಂಪಿನಲ್ಲಿದ್ದರೆ, ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ವಹಿವಾಟು ಇರುವ ಚನ್ನಗಿರಿ ಅವೆರಡಕ್ಕಿಂತ ಕೆಳಗೆ, ಅತ್ಯಂತ ಹಿಂದುಳಿದ ಗುಂಪಿನಲ್ಲಿತ್ತು. ರಸ್ತೆಯ ಎರಡೂ ಬದಿಯ ತೋಟ ನೋಡಿ ತಾಲ್ಲೂಕು ಚೆನ್ನಾಗಿದೆ ಅಂದುಕೊಳ್ಳುವವರು ಈ ಪಟ್ಟಿಯನ್ನು ಎರಡು ಸಲ ಓದಬೇಕು. ತೋಟ ಇರುವವರ ಆದಾಯ ಒಂದು ಕಡೆ, ತೋಟಕ್ಕೆ ಕೊನೆ ಕೊಯ್ಯಲು ಹೋಗುವವರ ಮಕ್ಕಳ ಶಾಲೆ, ಆಸ್ಪತ್ರೆ, ನೀರು ಇನ್ನೊಂದು ಕಡೆ. ಎರಡನ್ನೂ ಕೂಡಿಸಿದಾಗ ಬಂದ ಅಂಕ ಅದು.

ಸಮಿತಿ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಹೂಡಬೇಕೆಂದು ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ 2007–08ರಿಂದ ಆರಂಭವಾಯಿತು. ಇದರ ನಡುವೆ 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತರಿ ಕಾಯ್ದೆ ದೇಶದ 200 ಜಿಲ್ಲೆಗಳಲ್ಲಿ ಮೊದಲ ಹಂತವಾಗಿ ಜಾರಿಯಾದಾಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. ಕೆಲಸ ಕೇಳುವುದು ಅಲ್ಲಿಯವರೆಗೆ ಬೇಡಿಕೆಯಾಗಿತ್ತು, ಆ ಕಾಯ್ದೆ ಅದನ್ನು ವರ್ಷಕ್ಕೆ 100 ದಿನಗಳ ಹಕ್ಕು ಮಾಡಿತು. 2024ರಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು.

ಅಳತೆ ಇಲ್ಲದೆ ಎಳೆದ ಗೆರೆ ಏನು ಮಾಡುತ್ತದೆ ಎನ್ನುವುದಕ್ಕೆ ಜಗಳೂರೇ ಸಾಕ್ಷಿ. 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ನೌಕರಿ, ಶಿಕ್ಷಣದಲ್ಲಿ ಮೀಸಲಾತಿಯನ್ನೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಕೊಟ್ಟಿತು. ಆ ಸವಲತ್ತಿಗಾಗಿ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಗಳೂರಿನ ಗಡಿಗೆ ಹೊಂದಿಕೊಂಡೇ ಹರಪನಹಳ್ಳಿ, ಕೂಡ್ಲಿಗಿ ಇವೆ. ಮಣ್ಣು ಒಂದೇ, ಬರವೂ ಒಂದೇ. ಗಡಿಯ ಆಚೆ ಹುಟ್ಟಿದ ಹುಡುಗಿಗೆ 371ಜೆ ಇದೆ, ಈಚೆ ಹುಟ್ಟಿದವಳಿಗೆ ಇಲ್ಲ. 38ನೇ ವಿಧಿಯ ಎರಡನೆಯ ಖಂಡವನ್ನು ಓದಿದವರಿಗೆ ಈ ವ್ಯತ್ಯಾಸ ಸರಿ ಎನಿಸಲಾರದು.

ನೀರು: ಎರಡು ಹಿತಗಳು ಎದುರಾಗುವ ಜಾಗ

ಒಂದು ಕಡೆ ಹಿತ, ಇನ್ನೊಂದು ಕಡೆ ಸ್ವಾರ್ಥ ಇದ್ದಾಗ ತೀರ್ಮಾನ ಸುಲಭ. ಎರಡೂ ಕಡೆ ಹಿತವೇ ಇದ್ದಾಗ ಸಂವಿಧಾನದ ನಿಜವಾದ ಕೆಲಸ ಶುರುವಾಗುತ್ತದೆ. ಭದ್ರಾ ನೀರಿನ ವಿಚಾರ ಹಾಗಿದೆ.

ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ, ಗರಿಷ್ಠ ಮಟ್ಟ 186 ಅಡಿ. ಬಲದಂಡೆ ನಾಲೆ ಭದ್ರಾವತಿ, ಚನ್ನಗಿರಿ ದಾಟಿ ದಾವಣಗೆರೆ, ಹರಿಹರದ ಕಡೆಗೆ ಹರಿಯುತ್ತದೆ. ಅಚ್ಚುಕಟ್ಟಿನ ಮೇಲ್ಭಾಗದವರು ಒಂದು ಬೆಳೆಗೆ ಎರಡು ಬೆಳೆ ತೆಗೆದಾಗಲೂ ಕೊನೆ ಭಾಗದ ರೈತರು ನೀರಿಗೆ ಕಾದು ಕೂತ ವರ್ಷಗಳಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ವರ್ಷ ನಾಲೆಗೆ ನಿರಂತರ ನೀರು ಬಿಡಬೇಕೋ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿಯಲ್ಲಿ ಬಿಡಬೇಕೋ ಎಂಬುದೇ ಬೀದಿ ಹೋರಾಟವಾಯಿತು. ಭತ್ತ ನಾಟಿ ಮಾಡಿದವರಿಗೆ ಇಪ್ಪತ್ತು ದಿನ ನಾಲೆಯ ನೀರು ಬರದಿದ್ದರೆ ಬೆಳೆ ಹೋಯಿತು, ತೋಟದವರಿಗೆ ಬೇಸಿಗೆಯ ನೀರು ಉಳಿಯಬೇಕು. ಇಬ್ಬರೂ ರೈತರೇ, ಒಂದೇ ನಾಲೆಯವರೇ.

ಈ ಜಲಾಶಯದಿಂದಲೇ ಭದ್ರಾ ಮೇಲ್ದಂಡೆ ಯೋಜನೆಗೂ ನೀರು ಹೋಗಬೇಕು. ತುಂಗಾ ನದಿಯಿಂದ 17.4 ಟಿಎಂಸಿ ಎತ್ತಿ ಭದ್ರಾಕ್ಕೆ ತಂದು, ಭದ್ರಾದಿಂದ ಒಟ್ಟು 29.9 ಟಿಎಂಸಿ ಎತ್ತಿ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವುದು ಅದರ ಗುರಿ. ದಾವಣಗೆರೆ ಜಿಲ್ಲೆಯ ಪಾಲು ಮುಖ್ಯವಾಗಿ ಜಗಳೂರಿನದು. 2023–24ರ ಕೇಂದ್ರ ಬಜೆಟ್ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಪ್ರಕಟಿಸಿತು. ಆ ಹಣ ಬರಲಿಲ್ಲ ಎಂಬುದು ಕೇಂದ್ರ, ರಾಜ್ಯಗಳ ನಡುವೆ ವರ್ಷಗಟ್ಟಲೆ ಮುಂದುವರಿದ ತಕರಾರು. 2025ರ ಜೂನ್‌ನಲ್ಲಿ ಬಲದಂಡೆ ನಾಲೆಯನ್ನು ಸೀಳಿ ತರೀಕೆರೆ, ಹೊಸದುರ್ಗ ಕಡೆಯ ಕುಡಿಯುವ ನೀರಿಗೆ ಪೈಪು ಹಾಕುವ ಕಾಮಗಾರಿ ಶುರುವಾದಾಗ ಅಚ್ಚುಕಟ್ಟಿನ ರೈತರು ದಾವಣಗೆರೆಯಲ್ಲಿ ಬೀದಿಗಿಳಿದರು.

ಇಲ್ಲಿ ಸಂವಿಧಾನ ಏನು ಹೇಳುತ್ತದೆ? ಬದುಕುವ ಹಕ್ಕನ್ನು ಕಾಯುವ 21ನೇ ವಿಧಿಯಲ್ಲಿ ಶುದ್ಧ ನೀರಿನ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2018ರ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿನ ಅಗತ್ಯ ಪರಿಗಣಿಸಿ ಕರ್ನಾಟಕಕ್ಕೆ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಾಗ, ಕುಡಿಯುವ ನೀರಿಗೆ ಮೊದಲ ಸ್ಥಾನ ಎಂಬ ತತ್ವವನ್ನು ನಾವೆಲ್ಲ ಸಂತೋಷದಿಂದ ಒಪ್ಪಿಕೊಂಡೆವು. ಅದೇ ತತ್ವ ನಮ್ಮ ನಾಲೆಗೆ ಬಂದಾಗ ಬೇಡ ಎನ್ನಲಾಗದು. ಈ ನೀರು ನಮ್ಮದು ಎಂಬ ಅಚ್ಚುಕಟ್ಟಿನ ಮಾತಿಗೆ ಅನುಭವದ ಬಲವಿದೆ, ಆದರೆ ಬಾಯಾರಿದ ಊರಿನ ಮುಂದೆ ಅದಷ್ಟೇ ಸಾಲದು. ಇನ್ನೊಂದು ಮಗ್ಗುಲೂ ಅಷ್ಟೇ ಗಟ್ಟಿ. ನಾಲೆಯನ್ನೇ ನಂಬಿ ಸಾಲ ಮಾಡಿ ಬಿತ್ತಿದವರನ್ನು ಕೂರಿಸಿಕೊಂಡು ಮಾತಾಡದೆ, ಎಷ್ಟು ನೀರು, ಯಾವ ತಿಂಗಳು, ಬರದ ವರ್ಷ ಯಾರಿಗೆ ಎಷ್ಟು ಕಡಿತ ಎಂಬ ಲೆಕ್ಕ ಮುಂದಿಡದೆ ಜೆಸಿಬಿ ಕಳಿಸುವ ಸರ್ಕಾರ ಜನಕಲ್ಯಾಣ ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳಲಾರದು. 14ನೇ ವಿಧಿ ಮನಸೋಇಚ್ಛೆಯ ಆಡಳಿತವನ್ನು ತಡೆಯುತ್ತದೆ. ನೀರಾವರಿ ಸಲಹಾ ಸಮಿತಿಯ ಸಭೆಯ ಅಂಕಿಗಳು ಕೊನೆ ಭಾಗದ ರೈತನ ಕೈಗೂ ಸಿಗಬೇಕು ಎನ್ನುವುದು ಆ ವಿಧಿಯ ಸರಳ ಅರ್ಥ.

ಜಗಳೂರಿಗೆ ಇನ್ನೊಂದು ದಾರಿಯೂ ತೆರೆದಿದೆ. ಹರಿಹರ ತಾಲ್ಲೂಕಿನ ದೀಟೂರು ಬಳಿ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಅದು. ಸಿರಿಗೆರೆ ತರಳಬಾಳು ಶ್ರೀಗಳು ಬೆನ್ನು ಹತ್ತಿ ಆಗುಮಾಡಿಸಿದ ಈ ಕೆಲಸದಿಂದ ಜಗಳೂರು ಸೀಮೆಯ ಕೆರೆಗಳಿಗೆ ಹೊಳೆ ನೀರು ಮುಟ್ಟಿತು. ನಾಲೆಯ ನೀರಾವರಿಗೆ ಹೋಲಿಸಿದರೆ ಕೆರೆ ತುಂಬಿಸುವುದರ ಗುಣ ಬೇರೆ. ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಏರುತ್ತದೆ, ಜಮೀನಿಲ್ಲದವನ ಕುರಿಗೂ ಕುಡಿಯಲು ಸಿಗುತ್ತದೆ.

ಚನ್ನಗಿರಿಯ ಸೂಳೆಕೆರೆ ಅಂದರೆ ಶಾಂತಿಸಾಗರ, ಇದೇ ಮಾತಿನ ಹಳೆಯ ರುಜುವಾತು. 11–12ನೇ ಶತಮಾನದ್ದೆಂದು ಹೇಳುವ ಈ ಕೆರೆಯನ್ನು ಶಾಂತವ್ವೆ ಕಟ್ಟಿಸಿದಳೆಂದು ಜನ ನಂಬುತ್ತಾರೆ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿದ ಅದರ ಸಿದ್ಧನ ತೂಬು, ಬಸವನ ತೂಬುಗಳ ನೀರು ಇಂದಿಗೂ ಗದ್ದೆಗೆ ಹರಿಯುತ್ತದೆ, ಚಿತ್ರದುರ್ಗದವರೂ ಈ ಕೆರೆಯ ನೀರು ಕುಡಿದಿದ್ದಾರೆ. ಕೆರೆ, ಕುಂಟೆ, ಗೋಮಾಳ ಸಮುದಾಯದ ಸ್ವತ್ತು, ಒತ್ತುವರಿ ತೆರವುಗೊಳಿಸಬೇಕು ಎಂದು ಸುಪ್ರೀಂ ಕೋರ್ಟ್ 2001ರಲ್ಲೂ 2011ರಲ್ಲೂ ಸ್ಪಷ್ಟವಾಗಿ ಹೇಳಿದೆ. ಸೂಳೆಕೆರೆಯ ಗಡಿ ಗುರುತಿಸಿ ಕಲ್ಲು ನೆಡಿ ಎಂಬ ಸ್ಥಳೀಯರ ಒತ್ತಾಯಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಗ್ಯಾರಂಟಿ ಮತ್ತು ಖಜಾನೆ

ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಲ್ಲಿ, 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ, ಆಗಸ್ಟ್‌ನಲ್ಲಿ ಗೃಹಜ್ಯೋತಿ ಮತ್ತು ಗೃಹಲಕ್ಷ್ಮಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಆರಂಭವಾದವು. ಅನ್ನಭಾಗ್ಯ 2013ರಿಂದಲೇ ಇದೆ. ಐದೂ ಸೇರಿ ವರ್ಷಕ್ಕೆ 50,000 ಕೋಟಿ ರೂಪಾಯಿಗೂ ಹೆಚ್ಚು ಬೇಕು. ಇಂಥ ಯೋಜನೆಗಳು ಸಂವಿಧಾನಕ್ಕೆ ಒಪ್ಪುತ್ತವೆಯೇ? ತಮಿಳುನಾಡಿನ ಬಣ್ಣದ ಟಿವಿ ವಿತರಣೆಯ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಇಂಥ ವಿತರಣೆ ನಿರ್ದೇಶಕ ತತ್ವಗಳಿಗೆ ಸಂಬಂಧಿಸಿದ್ದು, ಶಾಸಕಾಂಗ ಒಪ್ಪಿದ ಹಣದಲ್ಲಿ ನಡೆದರೆ ತಪ್ಪಿಲ್ಲ ಎಂದಿತು. 2022ರಲ್ಲಿ ಆ ಪ್ರಶ್ನೆಯನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ಗೃಹಲಕ್ಷ್ಮಿಯಿಂದ ಮನೆಯ ಹೆಂಗಸಿನ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳುವುದನ್ನು ಬಿಟ್ಟಿ ಎಂದು ಹೀಗಳೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಿತ್ತನೆಯಿಂದ ಕೊಯ್ಲಿನವರೆಗೆ ಕೈಯಲ್ಲಿ ಕಾಸಿಲ್ಲದ ಮನೆಗೆ ಅದು ಕಿರಾಣಿ ಅಂಗಡಿಯ ಬಾಕಿ, ಮಗುವಿನ ಔಷಧಿ. ಆದರೆ ಯೋಜನೆ ಎಲ್ಲರಿಗೂ ಎಂದು ಘೋಷಿಸಿದರೂ ಊರಿಂದ ಊರಿಗೆ ಅದರ ಫಲ ಒಂದೇ ಸಮ ಇರುವುದಿಲ್ಲ. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ ಸೀಮೆಯಲ್ಲಿ ಹಿಂದಿನಿಂದಲೂ ಖಾಸಗಿ ಬಸ್ಸುಗಳದ್ದೇ ಓಡಾಟ ಹೆಚ್ಚು. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಶಕ್ತಿ ಯೋಜನೆಯ ಚೀಟಿ ಸಿಗುವುದೆಲ್ಲಿ? ಉಚಿತ ಪ್ರಯಾಣದ ಜೊತೆಗೆ ಆ ಊರಿಗೆ ಬಸ್ಸು ಬಿಡುವುದೂ ಅದೇ ಯೋಜನೆಯ ಭಾಗವಾಗಬೇಕು.

ಹಣದ ಮೂಲದ ಪ್ರಶ್ನೆಯೂ ಇದೆ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಅವರಿಗೇ ಮೀಸಲಿಡಬೇಕೆಂದು ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. ಆ ಹಣದ ಒಂದು ಭಾಗವನ್ನು ಗ್ಯಾರಂಟಿಗಳ ಪರಿಶಿಷ್ಟ ಫಲಾನುಭವಿಗಳ ಲೆಕ್ಕಕ್ಕೆ ಬಳಸಿದ್ದು ದೊಡ್ಡ ವಿವಾದವಾಯಿತು. ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾದದ್ದು. ಅಲ್ಲಿನ ನಾಯಕರ ಕೇರಿಯ, ದಲಿತ ಕೇರಿಯ ಮಕ್ಕಳಿಗೆ ಬೇಕಾದ ಹಾಸ್ಟೆಲ್, ಕೊಳವೆಬಾವಿ, ಭೂಮಿ ಖರೀದಿ ಎಲ್ಲರಿಗೂ ಸಿಗುವ ವಿದ್ಯುತ್ ರಿಯಾಯಿತಿಯಿಂದ ತುಂಬಿಬರುವಂಥದ್ದಲ್ಲ. ಎಲ್ಲರ ಹಿತಕ್ಕೆಂದು ಎಲ್ಲರಿಗಿಂತ ಹಿಂದಿರುವವರ ಪಾಲಿನಿಂದ ತೆಗೆಯುವುದು 46ನೇ ವಿಧಿಗೆ ವಿರುದ್ಧ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಳುವ ಜಾಗ

243ಜಿ ವಿಧಿ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯದ ಯೋಜನೆಯನ್ನು ಪಂಚಾಯಿತಿಗಳ ಕೈಗೆ ಕೊಡಲು ಹೇಳುತ್ತದೆ. ಹನ್ನೊಂದನೇ ಅನುಸೂಚಿಯಲ್ಲಿ ಅದಕ್ಕಾಗಿ 29 ವಿಷಯಗಳಿವೆ. ಕುಡಿಯುವ ನೀರು, ಸಣ್ಣ ನೀರಾವರಿ, ಶಾಲೆ, ರಸ್ತೆ ಎಲ್ಲವೂ ಅದರೊಳಗಿವೆ. ಈ ವಿಚಾರದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿತ್ತು. ಊರೂರಿಗೆ ಕೊಳವೆಬಾವಿ ಕೊರೆಸಿ ನೀರ್‌ಸಾಬ್ ಎನಿಸಿಕೊಂಡ ಅಬ್ದುಲ್ ನಜೀರ್‌ಸಾಬ್ ಅವರ 1983ರ ಪಂಚಾಯಿತಿ ಕಾನೂನು ಸಂವಿಧಾನದ 73ನೇ ತಿದ್ದುಪಡಿಗಿಂತ ಹತ್ತು ವರ್ಷ ಮೊದಲು ಬಂದದ್ದು. ಆ ನೆಲದಲ್ಲೇ 2021ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನರ ಪರವಾಗಿ ತಾಲ್ಲೂಕಿನ ಯೋಜನೆ ಬರೆಯಬೇಕಾದ ಕುರ್ಚಿಗಳಲ್ಲಿ ಆಡಳಿತಾಧಿಕಾರಿಗಳು ಕೂತರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎನ್ನುವುದು 243ಇ ವಿಧಿ.

ಗ್ರಾಮಸಭೆಯಾದರೂ ಉಳಿದಿದೆ. ಫಲಾನುಭವಿಗಳ ಪಟ್ಟಿ, ಕೆರೆಯ ಗಡಿ, ತಾಂಡಾದ ಹಕ್ಕುಪತ್ರ, ಬಸ್ಸಿನ ಬೇಡಿಕೆ, ಕಾಮಗಾರಿಯ ಖರ್ಚು ಇವನ್ನೆಲ್ಲ ಅಲ್ಲಿ ಕೇಳಬಹುದು, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬಹುದು, ಬರೆಸಿದ್ದರ ನಕಲನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಬಹುದು. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯ ದಿನಾಂಕ ತಿಳಿದುಕೊಳ್ಳಿ, ಆ ದಿನ ಕೆಲಸ ಬಿಟ್ಟು ಹೋಗಿ, ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಮಾತಾಡಿದ್ದು ನಡಾವಳಿಯಲ್ಲಿ ಸೇರಿದೆಯೇ ಎಂದು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.